ಒಬ್ಬಟ್ಟಿನ ಮನೆಗೆ ಒಯ್ಯೋ ಉಡುಗೊರೆ

"ಉಸ್ತಾದ್ರೇ, ನಾಳೆ ಯುಗಾದಿ ಊಟಕ್ಕೆ ನೆಂಟ್ರು ಕರ್ದವ್ರೆ. ಅಡುಗೆ ಮಾಡೋ ಅಕ್ಕನ ಕೈಗೆ ಏನು ಕೊಟ್ರೆ ಚೆಂದ?"

ಗರಡೀಲಿ ಮಣ್ಣು ಹದ ಮಾಡ್ತಾ ಹಿಂಗೆ ಕೇಳ್ದೋನು ನನ್ನ ಶಿಷ್ಯ ಚಿಕ್ಕೀರ. ಹೆಸ್ರು ಚಿಕ್ಕೀರ, ಆಳು ಬಾಗ್ಲಲ್ಲಿ ಹಿಡಿಸಲ್ಲ. ನನ್ನ ಕೈಲಿ ಪಳಗಿದೋರು ಹಂಗೇ ಇರೋದು. ಇಂಥ ಪ್ರಶ್ನೆಗೆ ನನ್ನಂಗೆ ಉತ್ರ ಕೊಡೋನು ಈ ಸೀಮೇಲೇ ಇಲ್ಲ. "ಕೂತ್ಕೋ ಕಣ್ಲಾ, ಹೇಳ್ತೀನಿ" ಅಂದೆ.

ಒಂದು ಮನೆ. ಅಲ್ಲೊಬ್ಬಳು ಹೊಸ ಸೊಸೆ. ಅವಳಿಗೆ ಅದು ಮೊದಲ್ನೇ ಯುಗಾದಿ. ಅತ್ತೆ ಬೆಳಗ್ಗೇನೇ ಅಂದ್ಬಿಟ್ಲು: "ಒಬ್ಬಟ್ಟು ನಾನೇ ಮಾಡ್ತೀನಿ ಅಂತ ಹಟ ಹಿಡಿದಿದ್ದೀಯ. ಮಾಡು. ಬುಟ್ಟೀಲಿ ಒಂದೇ ಒಂದು ಉಳೀತೋ, ಇನ್ಮೇಲೆ ನನ್ನ ಒಲೆ ಹತ್ರ ಬರಬೇಡ."

ಸೊಸೆ ಹೂರಣ ರುಬ್ಬುದ್ಲು, ತಟ್ಟಿದ್ಲು, ಬೇಯಿಸಿದ್ಲು. ಬುಟ್ಟಿ ತುಂಬ್ತು.

ನೆಂಟ್ರು ಬಂದ್ರು. ಒಬ್ಬ ಸಾಹುಕಾರ ಬೆಳ್ಳಿ ಕುಂಕುಮದ ಬಟ್ಟಲು ಕೊಟ್ಟ. ಒಬ್ಬ ವ್ಯಾಪಾರಿ ರೇಷ್ಮೆ ಸೀರೆ ಕೊಟ್ಟ. ಕೊನೇಲಿ ಒಬ್ಬ ರೈತ ಬಂದ. ಸೊಸೆ ಕೈಗೆ ಒಂದು ನಿಂಬೆಹಣ್ಣು ಇಟ್ಟ. ಸಾಹುಕಾರ ವ್ಯಾಪಾರಿಯ ಪಕ್ಕೆಗೆ ತಿವಿದು ನಕ್ಕ.

ಎಲೆ ಹಾಕಿದ್ರು. ಸೊಸೆ ಬುಟ್ಟಿ ಹಿಡ್ಕೊಂಡು ಬಂದ್ಲು. ಸಾಹುಕಾರ ಎರಡೂ ಕೈ ಎಲೆ ಮೇಲೆ ಅಡ್ಡ ಇಟ್ಬಿಟ್ಟ. "ಸಾಕು ತಾಯಿ, ಅರ್ಧ ಹಾಕು." ಹಸ್ಕೊಂಡು ಹೋದ್ರೆ ಹೊಟ್ಟೆಬಾಕ ಅಂದಾರು ಅಂತ ಮನೇಲೇ ಉಂಡು ಬಂದಿದ್ದ. ವ್ಯಾಪಾರೀನೂ ಹಂಗೇ. ಸಾಲಲ್ಲಿ ಕೂತೋರೆಲ್ಲ ಹಂಗೇ. ದೊಡ್ಡಸ್ತಿಕೆ! ಬುಟ್ಟಿ ತುಂಬಿದ್ದು ತುಂಬಿದಂಗೇ ಐತೆ. ಅತ್ತೆ ಅಡುಗೆಮನೆ ಬಾಗ್ಲಲ್ಲಿ ನಿಂತು ನೋಡ್ತಾವ್ಳೆ.

ರೈತನ ಎಲೆ ಹತ್ರ ಬಂದ್ಲು. "ಅರ್ಧ ಹಾಕ್ಲಾ ಅಣ್ಣ?"

"ಅರ್ಧ ಯಾರಿಗೆ ಸಾಲ್ತದೆ ತಾಯಿ? ಎರಡೆರಡು ಹಾಕು. ತುಪ್ಪದ ಗಿಂಡಿ ಇಲ್ಲೇ ಇಡು. ದಾರೀಲಿ ಮನೆಮನೆಯೋರು ಕರೆದ್ರೂ ಒಂದು ತೊಟ್ಟು ಕಾಫಿ ಸೈತ ಮುಟ್ಟಿಲ್ಲ. ಈ ಹೊಟ್ಟೆ ಇವತ್ತು ನಿಂದು."

ತಿಂದ ನೋಡು! ಬಗ್ಗಿದ ತಲೆ ಎತ್ಲಿಲ್ಲ. ತುಪ್ಪ ಮೊಣಕೈಗೆ ಇಳೀತು. ಎರಡು ಮುಗೀತು, ಇನ್ನೆರಡು ಅಂದ. ಅದೂ ಮುಗೀತು, ಮತ್ತೆ ಬುಟ್ಟಿ ಕಡೆ ಕೈ ಚಾಚ್ದ. ಪಕ್ಕದಲ್ಲಿ ಕೂತೋನಿಗೆ ಬಾಯಲ್ಲಿ ನೀರು ಬಂತು. ಅಡ್ಡ ಇದ್ದ ಕೈಗಳು ಒಂದೊಂದೇ ಎಲೆ ಬಿಟ್ಟು ಸರಿದ್ವು. "ಇಲ್ಲಿಗೂ ಒಂದು ಹಾಕಮ್ಮ" ಅಂದ ವ್ಯಾಪಾರಿ. "ಒಂದ್ಯಾಕೆ, ಎರಡು ಹಾಕು" ಅಂದ ಸಾಹುಕಾರ. ಉಂಡು ಬಂದಿದ್ದ ಗಂಡಸ್ರೆಲ್ಲ ಉಡಿದಾರ ಸಡ್ಲ ಮಾಡ್ಕೊಂಡು ಕೂತ್ರು. ಸೊಸೆ ಓಡಿ ಓಡಿ ಬಡಿಸಿದ್ಲು.

ಕೊನೆಗೆ ಅತ್ತೆ ಮುಂದೆ ಬುಟ್ಟೀನ ಬೋರಲು ಮಾಡಿ ತೋರ್ಸಿದ್ಲು. ಒಂದು ಚೂರೂ ಉದುರ್ಲಿಲ್ಲ.

ಅತ್ತೆ ಬುಟ್ಟಿ ನೋಡಿದ್ಲು, ಸೊಸೆ ಮುಖ ನೋಡಿದ್ಲು. "ನಂಗೆ ಒಂದೂ ಎತ್ತಿಟ್ಟಿಲ್ವೇನೇ? ನಡಿ, ಒಲೆ ಹಚ್ಚು. ಇನ್ನೊಂದಿಷ್ಟು ತಟ್ಟು."

ಅವತ್ತಿಂದ ಆ ಒಲೆ ಸೊಸೇದು. ಬೆಳ್ಳಿ ಬಟ್ಟಲು ಯಾವ ಗೂಡು ಸೇರ್ತೋ ಯಾರಿಗೂ ನೆನಪಿಲ್ಲ. ಮುಂದಿನ ಯುಗಾದಿಗೆ ಅವಳು ಮೊದ್ಲು ಕರೆ ಕಳ್ಸಿದ್ದು ರೈತನ ಮನೆಗೆ.

ಚಿಕ್ಕೀರ ತಲೆ ಕೆರ್ಕೊಂಡ. "ಹಂಗಾದ್ರೆ ಒಂದು ನಿಂಬೆಹಣ್ಣು ತಗೊಂಡು ಹೋದ್ರೆ ಸಾಕಾ ಉಸ್ತಾದ್ರೇ?"

"ಇವತ್ತು ರಾತ್ರಿ ಉಣ್ಣಬೇಡ ಕಣ್ಲಾ, ನಿನ್ನ ಉಡುಗೊರೆ ಅಲ್ಲಿಂದ್ಲೇ ಶುರು."