ಮುತ್ತಜ್ಜನ ಕಲ್ಲಿನಲ್ಲಿದ್ದ ಪಾಲು

"ಕೇಳಿರಪ್ಪೋ ಕೇಳಿ! ಹೊನ್ನಂಗಿಯ ದೊರೆ ಬೂತರಸರ ಅಪ್ಪಣೆ. ಮೂರು ಒಗಟು ಬಿಡಿಸಿದವನಿಗೆ ಕುಮಾರಿ ಚಾಗಲೆಯನ್ನು ಧಾರೆ ಎರೆದು ಕೊಡುತ್ತಾರೆ. ಒಂದರಲ್ಲಿ ತಪ್ಪಿದರೂ ಸೆರೆಮನೆ, ಬರುವ ಅಮಾವಾಸ್ಯೆಗೆ ತಲೆದಂಡ!"

ಡಂಗುರ ಸಾರಿದವನ ಮೇಲೂ ಬೂತರಸನಿಗೆ ಅನುಮಾನವಿತ್ತು. ಅಡುಗೆಯವನು ರುಚಿ ನೋಡದೆ ಅವನು ಅನ್ನ ಮುಟ್ಟುತ್ತಿರಲಿಲ್ಲ. ರುಚಿ ನೋಡಿದವನು ತುಟಿ ಒರೆಸಿಕೊಂಡರೆ, ಯಾಕೆ ಒರೆಸಿಕೊಂಡ ಎಂದು ಮತ್ತೊಂದು ಅನುಮಾನ.

ಆ ಊರಿನಲ್ಲಿ ಮಾಬಲನೆಂಬ ಬಡ ವಿದ್ಯಾರ್ಥಿಯಿದ್ದ. ತಂದೆತಾಯಿ ಇಲ್ಲ, ವಾರಾನ್ನದ ಹುಡುಗ. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಊಟ. ಸೋಮವಾರದ ಮನೆಯಲ್ಲಿ ಪುರಾಣ, ಮಂಗಳವಾರ ಜೋಯಿಸರ ಗ್ರಹಗತಿ, ಬುಧವಾರ ಹಳೆಯ ಓಲೆಗರಿಗಳ ಓದು. ಅನ್ನದ ಜೊತೆಗೆ ಇಷ್ಟೂ ಅವನ ಎಲೆಗೆ ಬೀಳುತ್ತಿತ್ತು. ಗುರುವಾರದ ಮನೆಯ ಒಬ್ಬನೇ ಮಗ ಕೇತಣ್ಣ ಮೊದಲ ಒಗಟಿನಲ್ಲೇ ತಪ್ಪಿ ಸೆರೆಯಲ್ಲಿದ್ದ. ಮುಂದಿನ ಗುರುವಾರ ಮಾಬಲ ಹೋದಾಗ ಒಲೆ ಹೊತ್ತಿರಲಿಲ್ಲ. ಆ ತಾಯಿ, "ಇವತ್ತು ಬೇರೆ ಕಡೆ ಉಣ್ಣಪ್ಪ" ಎಂದಳು. ಮಾಬಲ ಉಣ್ಣಲಿಲ್ಲ. ನೇರ ಅರಮನೆಗೆ ಹೋದ.

ಅಲ್ಲಿ ಅವನಿಗಿಂತ ಮುಂದೆ ಇಬ್ಬರು ನಿಂತಿದ್ದರು: ನೆರೆರಾಜ್ಯದ ಕಟ್ಟಿದೇವ, ರೇಷ್ಮೆ ಶೆಟ್ಟರ ಮಗ ಬೈಚಣ್ಣ. ಚಾಗಲೆ ತೆರೆಯ ಹಿಂದೆ ಕುಳಿತಿದ್ದಳು.

"ಮೊದಲನೆಯದು," ಎಂದ ದೊರೆ. "ಪುರಾಣ ಕೇಳಿದರೆ, ದೇವತೆಗಳ ಪಂಕ್ತಿಯಲ್ಲಿ ಕದ್ದು ಕೂತು ತಲೆ ಕಡಿಸಿಕೊಂಡವನು. ಲೆಕ್ಕ ಕೇಳಿದರೆ, ನಮ್ಮ ಕಾಲಡಿಯಿಂದಲೇ ಹೊರಟವನು. ಹುಣ್ಣಿಮೆಯ ಚಂದ್ರನನ್ನು ನುಂಗುತ್ತಾನೆ, ಅರಗಿಸಿಕೊಳ್ಳಲಾರ. ಯಾರು?"

"ರಾಹು!" ಎಂದ ಕಟ್ಟಿದೇವ.

"ಕಾಲಡಿಯಿಂದ ಹೊರಟವನು ಎಂದೆನಲ್ಲ? ಅರ್ಧ ಉತ್ತರ. ಎಳೆದುಕೊಂಡು ಹೋಗಿ."

ಮಾಬಲ ಕೈಮುಗಿದ. "ಪುರಾಣಕ್ಕೆ ರಾಹು ಸರಿ, ಮಹಾಸ್ವಾಮಿ. ಲೆಕ್ಕಕ್ಕೆ ಭೂಮಿಯ ನೆರಳು. ಸೂರ್ಯನಿಗೂ ಚಂದ್ರನಿಗೂ ನಡುವೆ ನಾವು ಬಂದಾಗ ನಮ್ಮ ನೆಲದ ನೆರಳೇ ಚಂದ್ರನ ಮೇಲೆ ಬೀಳುತ್ತದೆ. ಸರಿದಾಗ ಬಿಡುತ್ತದೆ."

"ನಾನೂ ಅದನ್ನೇ ಹೇಳುವವನಿದ್ದೆ," ಎಂದ ಬೈಚಣ್ಣ.

"ಹಾಗಾದರೆ ಎರಡನೆಯದನ್ನು ನೀನೇ ಮೊದಲು ಹೇಳು," ಎಂದ ದೊರೆ. "ಅಕ್ಕ ಮಳೆಯಲ್ಲಿದ್ದಳು, ತಂಗಿ ಮರೆವಿನಲ್ಲಿದ್ದಳು. ಇಬ್ಬರೂ ಮನೆ ಬಿಟ್ಟು ಹೋದರು. ಆದರೂ ಮಳೆ ನಿಂತಿಲ್ಲ, ಮರೆವು ಹೋಗಿಲ್ಲ. ಯಾರವರು?"

ಬೈಚಣ್ಣ ಬೆವರಿದ. "ಗುಡುಗು... ಮಿಂಚು?"

"ಮಿಂಚು ಯಾವಾಗ ಮನೆ ಬಿಟ್ಟಿತಯ್ಯಾ?" ಎಂದ ದೊರೆ. ಅವನನ್ನೂ ಎಳೆದುಕೊಂಡು ಹೋದರು.

ಮಾಬಲ ಅಂಗೈ ಮೇಲೆ ಬೆರಳಿನಿಂದ ಏನೋ ಬರೆದು ನೋಡಿದ. "ಅಕ್ಷರಗಳು, ಸ್ವಾಮಿ. ಹಿಂದಿನವರು ಮಳೆಯನ್ನು ಮೞೆ ಎಂದೂ, ಮರೆ ಎಂಬುದನ್ನು ಮಱೆ ಎಂದೂ ಬರೆಯುತ್ತಿದ್ದರು. ೞ, ಱ ಎರಡೂ ಬಳಕೆ ತಪ್ಪಿದವು. ಅವುಗಳ ಜಾಗದಲ್ಲಿ ಈಗ ಳ, ರ ಕೂತಿವೆ."

ಬೂತರಸ ಸಿಂಹಾಸನದಿಂದ ಮುಂದೆ ಬಾಗಿದ. "ಹರಕು ಪಂಚೆಯವನೇ, ಇದನ್ನು ಯಾರು ಹೇಳಿಕೊಟ್ಟರು?"

"ಊಟ ಹಾಕಿದವರು."

"ಅವರ ಹೆಸರು?"

ಹೆಸರು ಬಾಯಿಂದ ಹೊರಟರೆ ಆ ಮನೆಗಳಿಗೂ ಬೀಗ ಬೀಳುತ್ತದೆಂದು ಮಾಬಲನಿಗೆ ಗೊತ್ತಿತ್ತು. "ಒಗಟು ಮೂರೇ ಎಂದು ಸಾರಿದ್ದೀರಿ. ಇದು ನಾಲ್ಕನೆಯದಾಗುತ್ತದೆ," ಎಂದ.

ತೆರೆಯ ಹಿಂದೆ ಬಳೆ ಸದ್ದಾಯಿತು. ದೊರೆಯ ಮುಖ ಬಿಗಿಯಿತು.

"ಮೂರನೆಯದು. ಕೊಟ್ಟರೆ ಮನೆ ಒಡೆಯುತ್ತದೆ. ಕೊಡದಿದ್ದರೆ ಹಿರಿಯರ ಮಾತು ಮುರಿಯುತ್ತದೆ. ಅಳಿಯನಿಗೆ ಕೊಡು ಎಂದು ನನ್ನ ಮುತ್ತಜ್ಜ ಕಲ್ಲಿನಲ್ಲಿ ಕೊರೆಸಿದ್ದಾನೆ. ಏನದು?"

ಆ ಕಲ್ಲು ದೊರೆಯ ಮಲಗುವ ಕೋಣೆಯ ಗೋಡೆಯಲ್ಲಿತ್ತು. ಅದನ್ನು ಅವನು ಯಾರಿಗೂ ತೋರಿಸಿರಲಿಲ್ಲ. ಅವನ ಮನಸ್ಸಿನಲ್ಲಿದ್ದ ಉತ್ತರ 'ಪಾಲು'. ಆ ಮಾತು ಆಡಿದವನು ರಾಜ್ಯದ ಪಾಲಿಗೇ ಬಂದ ಕಳ್ಳ. ಬೇರೆ ಏನು ಹೇಳಿದರೂ ಸೋತವನು. ಎರಡೂ ದಾರಿ ಸೆರೆಮನೆಗೇ.

ಮಾಬಲನ ನಾಲಿಗೆಯ ತುದಿಗೂ ಅದೇ ಮಾತು ಬಂದಿತ್ತು. ಆದರೆ ದೊರೆ ಆಗಲೇ ಭಟರತ್ತ ಕಣ್ಣು ಹಾಯಿಸಿದ್ದು ಕಂಡು ಅದನ್ನು ನುಂಗಿಕೊಂಡ.

"ಕಲ್ಲಿನ ಸಾಲನ್ನು ಇದ್ದ ಹಾಗೇ ಓದಬೇಕು, ಮಹಾಸ್ವಾಮಿ."

"ಕಲ್ಲಿದೆ ಎಂದು ನಿನಗೆ ಯಾರು ಹೇಳಿದರು?"

"ಈಗ ತಾವೇ ಹೇಳಿದಿರಿ."

ತೆರೆಯ ಹಿಂದಿನಿಂದ ಚಾಗಲೆ, "ಓದಿ ಅಪ್ಪಾಜಿ. ನನ್ನ ಮದುವೆಯ ಮಾತು, ನಾನೇ ಕೇಳಿಲ್ಲ," ಎಂದಳು.

ಮಗಳ ಮಾತನ್ನು ತುಂಬಿದ ಸಭೆಯಲ್ಲಿ ತಳ್ಳಿಹಾಕಲಾಗಲಿಲ್ಲ. ದೊರೆಗೆ ಸಾಲು ಬಾಯಿಪಾಠವೇ ಇತ್ತು. "ಪುಲಿಯಂ ಕೊಂದು ಬಂದ ಅಳಿಯಂಗೆ ಪೂವಂ ಮುಡಿಸಿ, ಪಾಲಂ ಕೊಟ್ಟು, ಮಗಳಂ ಕುಡುಗೆ."

"ಪುಲಿ ಎಂದರೆ?" ಮಾಬಲ ಕೇಳಿದ.

"ಹುಲಿ. ಮಕ್ಕಳಿಗೂ ಗೊತ್ತು."

"ಪೂ ಎಂದರೆ?"

"ಹೂವು."

"ಪಾಲ್ ಎಂದರೆ?"

"ಹಾ—" ಎಂದ ದೊರೆಯ ಬಾಯಿ ಹಾಗೇ ನಿಂತಿತು.

ಚಾಗಲೆ ತೆರೆ ಸರಿಸಿಯೇ ಬಿಟ್ಟಳು. "ಹಾಲು! ಅಪ್ಪಾಜಿ, ಮದುವೆಯ ಹಾಲು!"

"ಪಾಲ್ ಎಂದರೆ ಹಂಚಿಕೆ ಎಂದೂ ಆಗುತ್ತದೆ," ಎಂದ ದೊರೆ, ಧ್ವನಿ ಕುಗ್ಗಿಸಿ.

"ಆಗುತ್ತದೆ, ಸ್ವಾಮಿ. ಆದರೆ ಮುಡಿಸುವ ಹೂವಿನ ಪಕ್ಕದಲ್ಲಿ ಕೂರುವುದು ಹಾಲಿನ ಬಟ್ಟಲು, ಹೊಲದ ಗಡಿಯಲ್ಲ. ತಮ್ಮ ಮುತ್ತಜ್ಜ ಮದುವೆಯ ಕ್ರಮ ಬರೆಸಿದರು. ತಾವು ಆಸ್ತಿಯ ಪತ್ರವೆಂದು ಓದಿದಿರಿ. ಹುಲಿಯೂ ಹೂವೂ ಸರಿಯಾಗಿಯೇ ಕಂಡವು. ಹಾಲಿನ ಹತ್ತಿರ ಬಂದಾಗ ಮಾತ್ರ ಭಯ ಓದಿತು."

ಬೂತರಸ ಬಹಳ ಹೊತ್ತು ಅಂಗೈ ನೋಡಿಕೊಂಡ. ಆಮೇಲೆ, "ನೀನು ಹುಲಿ ಕೊಂದಿಲ್ಲವಲ್ಲ?" ಎಂದ.

ಚಾಗಲೆ ಹೇಳಿದಳು: "ಇಷ್ಟು ದಿನ ಈ ಮನೆಯಲ್ಲಿದ್ದ ಹುಲಿಯನ್ನು ಈಗ ಕೊಂದನಲ್ಲ."

ಬೇಕಾದ್ದು ಕೇಳು ಎಂದು ದೊರೆ ಹೇಳಿದಾಗ ಮಾಬಲ ಸೆರೆಮನೆಯ ಬೀಗದ ಕೈ ಕೇಳಿದ. ಕೇತಣ್ಣ, ಕಟ್ಟಿದೇವ, ಬೈಚಣ್ಣ, ಎಲ್ಲರೂ ಹೊರಬಂದರು. ಬೈಚಣ್ಣ ಭಟರಿಂದ ಉತ್ತರ ಕೇಳಿಕೊಂಡು ಬರುತ್ತಲೇ, "ಹಾಲು ಎಂದು ನನಗೂ ಹೊಳೆದಿತ್ತು," ಎಂದ.

ಚಾಗಲೆ ಒಪ್ಪಿದಳು, ಮದುವೆಯ ದಿನ ಬಂತು. ವಾರದ ಏಳು ಮನೆಯವರೂ ಮೊದಲ ಪಂಕ್ತಿಯಲ್ಲಿ ಕೂತರು, ಗುರುವಾರದ ತಾಯಿ ಮಗನ ಪಕ್ಕದಲ್ಲಿ. ಅಷ್ಟು ಜನರನ್ನು ಕಂಡು ದೊರೆ ಮಗಳ ಕಿವಿಯಲ್ಲಿ, "ಇವರಲ್ಲಿ ಪಾಲು ಕೇಳುವವರು ಯಾರು?" ಎಂದ.

"ಇವರು ತಮ್ಮ ಎಲೆಯ ಪಾಲನ್ನೇ ಕೊಟ್ಟವರು, ಅಪ್ಪಾಜಿ."

ಅಳಿಯನಿಗೆ ಹೂ ಮುಡಿಸಿ ಆಯಿತು. ಬೆಳ್ಳಿ ಬಟ್ಟಲಿಗೆ ಹಾಲು ಸುರಿಯುವ ಮುನ್ನ, ಅಭ್ಯಾಸಬಲದಿಂದ ಅಡುಗೆಯವನು ಬೇರೆ ಸೌಟಿನಲ್ಲಿ ರುಚಿ ನೋಡಿ ತುಟಿ ಒರೆಸಿಕೊಂಡ.

"ಯಾಕೋ ಒರೆಸಿಕೊಂಡೆ?" ಎಂದ ದೊರೆ.

"ಕೆನೆ ಅಂಟಿತ್ತು, ಬುದ್ಧಿ."

ಬೂತರಸ ಅವನನ್ನೇ ನೋಡಿದ. ನಂಬಿದ. ಬಟ್ಟಲನ್ನು ತನ್ನ ಕೈಯಾರೆ ಅಳಿಯನಿಗೆ ಕೊಟ್ಟ.