ಗಾಲಿಪಟ್ಟಿಯ ನೆರಳು

ಕಾಳಾಚಾರಿಯ ಕುಲುಮೆಯ ಅಂಗಳದಲ್ಲಿ ಹಳೆಯ ಬಂಡಿಗಾಲಿಯ ಕಬ್ಬಿಣದ ಪಟ್ಟಿಯೊಂದು ಗೂಟಕ್ಕೆ ಆತು ನಿಂತಿತ್ತು. ದಾರಿಯಲ್ಲಿ ಯಾವ ಬಂಡಿ ಹೋದರೂ ಅದು ಕಿವಿಗೊಡುತ್ತಿತ್ತು. ಪಕ್ಕದಲ್ಲಿ ನೆಲಕ್ಕೆ ನೆಟ್ಟ ಹೊಸ ಸರಳಿನ ನೆರಳು ಬೆಳಗಿನ ಬಿಸಿಲಿಗೆ ಬೇಲಿಯವರೆಗೂ ಚಾಚಿತ್ತು.

"ಅಜ್ಜ, ನಾಳೆ ಆಚಾರಿ ನಿನ್ನನ್ನು ಬಡಿದು ನೆಟ್ಟಗೆ ಮಾಡುತ್ತಾನಂತೆ. ಒಳ್ಳೆಯದೇ ಆಯಿತು. ನೆಟ್ಟಗಿದ್ದವರ ನೆರಳು ಎಷ್ಟುದ್ದ ನೋಡು," ಎಂದಿತು ಸರಳು.

"ನಾನೂ ನೆಟ್ಟಗೇ ಇದ್ದವನು. ಮಧ್ಯಾಹ್ನವಾಗಲಿ, ಮಾತಾಡೋಣ," ಎಂದಿತು ಪಟ್ಟಿ.

ಸೂರ್ಯ ನೆತ್ತಿಗೆ ಬಂದಾಗ ಸರಳಿನ ನೆರಳು ಅದರ ಬುಡದಲ್ಲೇ ಒಂದು ಚುಕ್ಕೆಯಾಯಿತು. ಪಟ್ಟಿಯ ಕೆಳಗೆ ಮಾತ್ರ ಗಾಲಿಯಷ್ಟು ಉದ್ದದ ನೆರಳು ಉಳಿದಿತ್ತು. ಕೋಳಿಮರಿಗಳು ಬಂದು ಅದರಲ್ಲಿ ಸಾಲಾಗಿ ಕೂತವು.

ಸರಳು ತಗ್ಗಿದ ದನಿಯಲ್ಲಿ ಕೇಳಿತು: "ಬಾಗುವಾಗ ನೋವಾಯಿತೇ?"

"ಕೆಂಪಗೆ ಕಾಯಿಸಿ ಗಾಲಿಗೆ ತೊಡಿಸಿದರು, ಮೇಲೆ ನೀರು ಹೊಯ್ದರು. ನೋವಾಗಿರಬೇಕು, ನೆನಪಿಲ್ಲ. ಅಪ್ಪಿಕೊಳ್ಳಲು ಮರವಿತ್ತು."

"ಆ ಮರ ಈಗೆಲ್ಲಿ?"

"ಗೆದ್ದಲು ತಿಂದು ಎಷ್ಟೋ ಕಾಲವಾಯಿತು."

"ಹಾಗಾದರೆ ನಾಳೆ ನೆಟ್ಟಗಾಗಲು ನಿನಗೇನು ದುಃಖ?"

ಪಟ್ಟಿ ತನ್ನ ನೆರಳಲ್ಲಿ ಕೂತ ಮರಿಗಳತ್ತ ನೋಡಿತು.

"ಆ ಗಾಲಿ ಎಷ್ಟು ದೊಡ್ಡದಿತ್ತು ಎಂಬುದನ್ನು ಈಗ ನನ್ನ ಬಾಗು ಒಂದೇ ಬಲ್ಲದು."