ಜರಿಪೆಟ್ಟಿಗೆಗೆ ಒರಗಿದವಳು

"ಗುರುಗಳೇ, ಬಾಯಿಬಿಟ್ಟು ಹೇಳದವರ ನೋವು ಮನೆಯವರಿಗೆ ತಿಳಿಯದೆ ಹೋದರೆ ತಪ್ಪು ಯಾರದು?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಒಬ್ಬ ವಿಧವೆ ನೇಯ್ಗೆಯಿಂದ ಬದುಕುತ್ತಿದ್ದಳು. ಒಂದು ಮಗ್ಗದಿಂದ ತೊಡಗಿ ಮನೆ ತುಂಬ ಮಗ್ಗ ಹೂಡಿದಳು. ಯಾರ ಮುಂದೆಯೂ ಕೈಚಾಚಿದವಳಲ್ಲ. ಮಗ ದೊಡ್ಡವನಾಗಿ ಸೊಸೆ ಬಂದ ಮೇಲೂ ಸೀರೆಯ ಸೆರಗನ್ನು ತಾನೇ ನೇಯುತ್ತಿದ್ದಳು. ಬೇರೆಯವರ ಕೈ ಅವಳಿಗೆ ಹಿಡಿಸುತ್ತಿರಲಿಲ್ಲ.

ಮುಪ್ಪಿನಲ್ಲಿ ಅವಳ ಹೃದಯ ಸೋತಿತು. ಮಲಗಿದರೆ ನೀರಿನಲ್ಲಿ ಮುಳುಗಿದಂತೆ ಉಸಿರು ಕಟ್ಟುತ್ತಿತ್ತು. ಎದ್ದು ಕೂತರೆ ಬಿಡುತ್ತಿತ್ತು. ಜರಿ ಇಡುವ ಮರದ ಪೆಟ್ಟಿಗೆ ಅವಳ ಬೆನ್ನಿನ ಎತ್ತರಕ್ಕೆ ಸರಿಹೋಯಿತು. ರಾತ್ರಿಯೆಲ್ಲ ಅದಕ್ಕೆ ಒರಗಿ, ಕೂತಲ್ಲೇ ತೂಕಡಿಸತೊಡಗಿದಳು. ಹೇಳಿದರೆ ತನ್ನನ್ನು ಹಿಂದಿನ ಕೋಣೆಗೆ ಸೇರಿಸಿ, ಮಗ್ಗವನ್ನು ಸೊಸೆಗೆ ಕೊಡುತ್ತಾರೆಂದು ಯಾರಿಗೂ ಹೇಳಲಿಲ್ಲ.

ಹಗಲು ಮಗ್ಗದ ಮುಂದೆಯೇ ಕಣ್ಣು ಮುಚ್ಚಿಹೋಗುತ್ತಿತ್ತು. ನೇಯ್ಗೆ ಕೆಟ್ಟರೆ, ನೂಲು ಸುತ್ತಿಕೊಟ್ಟ ಸೊಸೆಯನ್ನು ಬೈಯುತ್ತಿದ್ದಳು.

ಸೊಸೆ ಬೇರೆಯದನ್ನೇ ತಿಳಿದಳು. "ನಾನು ಜರಿ ಕದ್ದು ತವರಿಗೆ ಸಾಗಿಸುತ್ತೇನೆಂದು ನಿಮ್ಮವ್ವ ಕಾವಲು ಕೂರುತ್ತಾರೆ. ಆ ಪೆಟ್ಟಿಗೆಯನ್ನೇ ಸೊಸೆ ಮಾಡಿಕೊಳ್ಳಲಿ" ಎಂದು ಗಂಡನೆದುರು ಅತ್ತಳು.

ಮೊಮ್ಮಗುವಿನ ಜ್ವರ ನೋಡಲು ಬಂದ ವೈದ್ಯ ಮುದುಕಿಯ ಬಾತ ಪಾದಗಳನ್ನು ಕಂಡ. "ಅವ್ವಾ, ಮಲಗಿದರೆ ಉಸಿರು ಹಿಡಿಯುತ್ತದೆಯೇ? ಮದ್ದಿದೆ, ಕೊಡುತ್ತೇನೆ" ಎಂದು ಮೆಲ್ಲಗೆ ಕೇಳಿದ.

"ಜ್ವರ ಬಂದಿರುವುದು ಮಗುವಿಗೆ. ಅದನ್ನು ನೋಡಿ ಹೊರಡಪ್ಪ" ಎಂದಳು.

ಹೆಂಡತಿಯ ಅಳು ಕೇಳಿ ಬೇಸತ್ತ ಮಗ ಒಂದು ರಾತ್ರಿ ಪೆಟ್ಟಿಗೆಯನ್ನು ಎಳೆದು ತನ್ನ ತಲೆದೆಸೆಗೆ ಇಟ್ಟುಕೊಂಡ. ತಾಯಿಯ ಹಾಸಿಗೆಯನ್ನು ತನ್ನ ಪಕ್ಕದಲ್ಲೇ ಬಿಡಿಸಿದ.

"ಇವತ್ತು ಕಾವಲು ನನ್ನದು. ನೀನು ಕಾಲು ಚಾಚಿ ಮಲಗು."

"ಪೆಟ್ಟಿಗೆ ಅದರ ಜಾಗದಲ್ಲೇ ಇರಲಿ."

"ಏಕವ್ವ? ನನ್ನ ಮೇಲೂ ನಂಬಿಕೆಯಿಲ್ಲವೇ?"

ನಿಜ ಹೇಳಲು ಒಂದು ಮಾತು ಸಾಕಿತ್ತು. ಅವಳು "ಇಲ್ಲ" ಎಂದಳು.

ಮಗ ದೀಪ ಆರಿಸಲಿಲ್ಲ. ಅವಳು ಮಲಗುವುದನ್ನೇ ನೋಡುತ್ತ ಕೂತ. ಕೂತೇ ಇದ್ದರೆ ಗುಟ್ಟು ಬಯಲಾಗುತ್ತದೆಂದು ಅವಳು ಮಲಗಿದಳು. ಏದುಸಿರು ಅವನಿಗೆ ಕೇಳಿಸದಂತೆ ಗೋಡೆಯತ್ತ ತಿರುಗಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬಹಳ ಹೊತ್ತಿನ ಮೇಲೆ ಅವಳ ಮೈ ಅಲುಗದಿರುವುದನ್ನು ಕಂಡು ಮಗ, "ಕಡೆಗೂ ನಿದ್ದೆ ಹತ್ತಿತು" ಎಂದು ಹೆಂಡತಿಗೆ ಪಿಸುಗುಟ್ಟಿದ.

ಬೆಳಗ್ಗೆ ಸೊಸೆ ಎಬ್ಬಿಸಲು ಮುಟ್ಟಿದಾಗ ಮೈ ತಣ್ಣಗಿತ್ತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, "ಹಾಗಾದರೆ ತಪ್ಪು ಅವಳದೇ. ಅವಳು ಹೇಳಬಹುದಿತ್ತು" ಎಂದ.

"ನಿನ್ನ ತಾಯಿ ಯಾವ ಮಗ್ಗುಲಿಗೆ ಮಲಗುತ್ತಾಳೆ?" ಎಂದು ಗುರುಗಳು ಕೇಳಿದರು.

ಶಿಷ್ಯ ಎದ್ದು ಮನೆಯ ದಾರಿ ಹಿಡಿದ.